ಸಕ್ಕರಿ ಬಾವಿ ನೊಣೆದದ್ದು

ನನ್ನ ಖಾನಾವಳಿಯಲ್ಲಿ ಒಂದು ಊಟಕ್ಕೆ ಒಂದು ಕೊಡ ನೀರು ಬೇಕು. ರೊಟ್ಟಿ ಹಿಟ್ಟಿನ ಎಸರಿಗೆ ಒಂದು ತಂಬಿಗೆ, ಬೇಳೆಗೆ ಒಂದು, ಅನ್ನಕ್ಕೆ ಒಂದು, ಸೊಪ್ಪು ತೊಳೆಯಲು ಎರಡು, ಉಂಡವರು ಕುಡಿಯಲು ಒಂದು, ಕೈ ತೊಳೆಯಲು ಒಂದು, ಉಳಿದದ್ದೆಲ್ಲ ತಾಟು ತಿಕ್ಕಲು. ದಿನಕ್ಕೆ ಅರವತ್ತು ಜನ ಉಂಡರೆ ಅರವತ್ತು ಕೊಡ. ಹಿತ್ತಲಲ್ಲಿ ಬಾವಿ ಇದ್ದಾಗ ಇದಕ್ಕೆ ಬೀಳುತ್ತಿದ್ದ ಖರ್ಚು ಎರಡು ತೋಳಿನ ನೋವು ಮತ್ತು ವರ್ಷಕ್ಕೊಂದು ಹೊಸ ಹಗ್ಗ. ಬಾವಿ ಹೋದ ಮೇಲೆ ಬಂಡಿಯವನಿಂದ ಕೊಳ್ಳಬೇಕಾಯಿತು. ಅವನು ಕೊಡಕ್ಕೆ ಹತ್ತು ರೂಪಾಯಿ ಎಂದ. ನನ್ನ ಊಟಕ್ಕೆ ಐವತ್ತು. ಹೀಗೆ ನಡೆದರೆ ಎರಡು ತಿಂಗಳಿಗೆ ಖಾನಾವಳಿಯ ಬಾಗಿಲು ಹಾಕಬೇಕು ಎಂಬುದು ಮೊದಲ ದಿನವೇ ನನಗೆ ಗೊತ್ತಾಯಿತು.

ಬಾವಿ ಹೋದದ್ದು ನಮ್ಮ ಊರಿಗೆ ಹೊಸದೇನಲ್ಲ. ಇಲ್ಲಿ ಕೆಲವರು ಅನ್ನದ ಜೊತೆಗೆ ಕಟ್ಟೆ, ಹುಣಸೆಮರ, ಓಣಿಯ ತಿರುವು, ದೀಪದ ಕಂಬಗಳನ್ನೂ ನುಂಗಿಬಿಡುತ್ತಾರೆ. ಬಾಯಿ ತೆರೆಯುವುದು ಕಾಣಿಸುತ್ತದೆ, ಮುಚ್ಚುವುದು ಕಾಣಿಸುತ್ತದೆ, ಆಮೇಲೆ ನೋಡಿದರೆ ಅಲ್ಲಿದ್ದದ್ದು ಇರುವುದಿಲ್ಲ. ನಾವು ಅದಕ್ಕೆ ಹೊಂದಿಕೊಂಡಿದ್ದೇವೆ. ಊರಿಗೆ ಹೋಗುವಾಗ ಮನೆಗೆ ಬೀಗ ಹಾಕಿ, ಹೊಸ್ತಿಲಿಗೆ ಖಾರದ ಪುಡಿ ಬಳಿದು ಹೋಗುತ್ತೇವೆ. ಹೆಣ್ಣಿನ ಕಡೆಯವರು ಗಂಡಿನ ಕೊರಳ ಸುತ್ತಳತೆ ಕೇಳುತ್ತಾರೆ. ಮಾಸ್ತರರು ಹಾಜರಿ ಕರೆಯುವ ಮೊದಲು ಬೆಂಚು ಎಣಿಸುತ್ತಾರೆ. ಯಾರಿಗಾದರೂ ದಾರಿ ಹೇಳುವಾಗ, "ಆಲದಮರ ಇನ್ನೂ ಇದ್ದರ ಅದರ ಎಡಕ್ಕ ಹೊರಳ್ರಿ" ಎಂದೇ ಹೇಳುವುದು.

ನುಂಗಿದ್ದು ಕಡಿಮೆಯೆಂದರೂ ನಲವತ್ತು ದಿನ ಹೊಟ್ಟೆಯಲ್ಲಿ ಇಡಿಯಾಗಿ ಇರುತ್ತದೆ. ಅದು ಇಡಿಯಾಗಿ ಇರುವ ತನಕ ಕಳೆದುಕೊಂಡವರು ಪುರಸಭೆಗೆ ಅರ್ಜಿ ಕೊಡಬಹುದು. ಅರ್ಜಿಯ ನಾಲ್ಕನೆಯ ಕಲಮಿನಲ್ಲಿ ಆದದ್ದೇನು ಎಂಬುದನ್ನು ಒಂದೇ ಒಂದು ಕ್ರಿಯಾಪದದಲ್ಲಿ ಬರೆಯಬೇಕು. ಪದ ಸರಿಯಿದ್ದು, ಗುಮಾಸ್ತರು ಅದನ್ನು ಗಟ್ಟಿಯಾಗಿ ಓದಿದರೆ, ನುಂಗಿದ್ದು ಹೊರಬಂದು ತನ್ನ ಜಾಗದಲ್ಲಿ ಕೂರುತ್ತದೆ. ಪದ ತಪ್ಪಿದರೆ ನುಂಗಿದವರಿಗೆ ಒಂದು ಬಿಕ್ಕಳಿಕೆಯೂ ಬರುವುದಿಲ್ಲ. ನಲವತ್ತನೆಯ ದಿನ ಬಂದ ಮೇಲೆ ನುಂಗಿದವರು ಶುಲ್ಕ ಕಟ್ಟಿ ಜೀರ್ಣಪತ್ರ ತೆಗೆದುಕೊಂಡರೆ ವಸ್ತು ಕರಗಿ ಅವರದೇ ಆಯಿತು. ಪತ್ರ ಇಲ್ಲದೆ ನಮ್ಮ ಊರಲ್ಲಿ ಏನೂ ಜೀರ್ಣವಾಗುವುದಿಲ್ಲ.

ನನ್ನ ಬಾವಿಗೆ ಸಕ್ಕರಿ ಬಾವಿ ಎಂದು ಹೆಸರು. ಅದನ್ನು ನುಂಗಿದವರು ಅಡಿವೆಪ್ಪ ಸಾಹುಕಾರರು. ಇಪ್ಪತ್ತು ವರ್ಷದಿಂದ ಪ್ರತಿ ಸೋಮವಾರ ಅವರ ಊಟ ನಮ್ಮಲ್ಲಿಯೇ. ಮನೆಯಲ್ಲಿ ಉಂಡು ಬಂದು ಮತ್ತೆ ಉಣ್ಣುವವರು. ಆ ಸೋಮವಾರ ಒಂಬತ್ತು ರೊಟ್ಟಿ, ಮೂರು ಬಟ್ಟಲು ಎಣ್ಣೆಗಾಯಿ, ಒಂದು ಬೋಗುಣಿ ಅನ್ನ ಇಳಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಪಲ್ಯ ಹಾಗೇ ಒಣಗಿತ್ತು, ಮೀಸೆ ಮಾತ್ರ ತೊಯ್ದಿತ್ತು. ತುಟಿಯ ಮೂಲೆಯಲ್ಲಿ ಬಾವಿಯ ಹಗ್ಗದ ತುದಿ ಇಣುಕುತ್ತಿತ್ತು. ನಾನು ನೋಡುತ್ತಿರುವಂತೆಯೇ ಅದನ್ನು ಶಾವಿಗೆ ಎಳೆದುಕೊಂಡ ಹಾಗೆ ಸುರ್ರನೆ ಒಳಕ್ಕೆ ಎಳೆದುಕೊಂಡರು.

"ಊಟ ಬರೋಬರಿ ಆತು ನೋಡವಾ," ಎಂದರು. ಅವರ ಮಾತಿನ ಕೆಳಗೆ ಎಲ್ಲೋ ಒಂದು ಕೊಡ ಗುಳುಗುಳು ಮುಳುಗಿದ ಸದ್ದಾಯಿತು.

ನಾನು ಹಿತ್ತಲಿಗೆ ಓಡಿದೆ. ಬೇವಿನಮರದ ಕೆಳಗೆ ಸಾರಿಸಿದ ಹಾಗೆ ಸಪಾಟು ನೆಲ. ನನ್ನ ನೆಗೆಣ್ಣಿ ಬಾಳವ್ವ ರೊಟ್ಟಿ ಬಡಿಯುವ ಕೈಯನ್ನು ಹಾಗೇ ಎತ್ತಿಕೊಂಡು ಬಂದು ನನ್ನ ಹಿಂದೆ ನಿಂತಳು. ಬಾಳವ್ವ ನನ್ನ ಮೈದುನನ ಹೆಂಡತಿ. ಮೈದುನ ತೀರಿಕೊಂಡ ಮೇಲೆ ನನ್ನ ಒಲೆಯ ಮುಂದೆ ಕೂತು, ದಿನಗೂಲಿ ತೆಗೆದುಕೊಂಡು, ರೊಟ್ಟಿ ಮಾಡಿಕೊಂಡಿದ್ದಾಳೆ. ಹೆಚ್ಚು ಮಾತಾಡುವವಳಲ್ಲ.

"ಬಾವಿ ಯಾಕ ಬೇಕಿತ್ತಂತ ಅವರಿಗೆ?" ಎಂದಳು.

"ಬೇಕಿರಲಿಲ್ಲವಾ. ಬೇಕಿದ್ರ ಕೇಳ್ತಿದ್ರು," ಎಂದೆ.

ಮರುದಿನ ಬೆಳಿಗ್ಗೆ ಪುರಸಭೆಗೆ ಹೋಗಿ ಗುಂಡೋಪಂತರ ಮುಂದೆ ಅರ್ಜಿ ಇಟ್ಟೆ. ಗುಂಡೋಪಂತರು ಅಲ್ಲಿಯ ಗುಮಾಸ್ತರು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಓದುವವರು. ಕೆಟ್ಟವರಲ್ಲ, ಆದರೆ ಕಾಗದದಲ್ಲಿ ಇಲ್ಲದ್ದು ಅವರ ಕಣ್ಣಿಗೆ ಬೀಳುವುದಿಲ್ಲ.

"ತಿಂದರು ಅಂತ ಬರದೀರಿ," ಎಂದರು. "ತಿನ್ನೂದು ತಪ್ಪೇನ್ರೀ ನೀಲಗಂಗವ್ವ? ನೀವೇ ಐವತ್ತು ರೂಪಾಯಿ ತಗೊಂಡು ಊರಿಗೆಲ್ಲಾ ತಿನಸ್ತೀರಿ."

ಅದನ್ನು ಹೊಡೆದು 'ನುಂಗಿದರು' ಎಂದು ಬರೆದೆ.

"ಇವತ್ತು ಮುಂಜಾನೆ ನಾನೂ ಎರಡು ಗುಳಿಗಿ ನುಂಗೇನಿ. ಡಾಕ್ಟರ್ ಹೇಳ್ಯಾರ."

"ಕದ್ದರು ಅಂತ ಬರೀಲೇನ್ರಿ?"

"ಕದ್ದ ಮಾಲು ಮನ್ಯಾಗರ ಸಿಗಬೇಕು, ಚೀಲದಾಗರ ಸಿಗಬೇಕು. ಹೊಟ್ಟಿ ಮನಿಯಲ್ಲ, ಚೀಲ ಅಲ್ಲ."

"ಕಬಳಿಸಿದರು?"

ಗುಂಡೋಪಂತರು ಮೇಜಿನ ಮೇಲಿದ್ದ ದಿನಪತ್ರಿಕೆಯನ್ನು ನನ್ನ ಕಡೆ ತಿರುಗಿಸಿದರು. ಮೊದಲ ಪುಟದಲ್ಲೇ ಆ ಪದ ನಾಲ್ಕು ಸಲ ಇತ್ತು. "ದಿನಾ ಮುಂಜಾನೆ ಬರ್ತದರೀ ಇದು. ಇದನ್ನ ಓದಿ ಯಾರಿಗಾದ್ರೂ ಬಿಕ್ಕಳಿಕಿ ಬಂದದ್ದು ನೋಡೀರೇನು? ಬಳಸಿ ಬಳಸಿ ಸವದು ಹೋಗೇದ. ಮನಿಗೆ ಹೋಗಿ ಚಲೋ ವಿಚಾರ ಮಾಡಿಕೊಂಡು ಬರ್ರಿ."

ನಾನು ಶಾಲೆ ಕಲಿತದ್ದು ಕಡಿಮೆ. ಆದರೆ ಮೂವತ್ತು ವರ್ಷ ಊರಿನ ಬಾಯಿಗಳನ್ನು ನೋಡಿದವಳು. ಮೆಲ್ಲುವವರು ಬೇರೆ, ಜಗಿಯುವವರು ಬೇರೆ, ಚಪ್ಪರಿಸುವವರು ಬೇರೆ. ಕೆಲವರು ಮುಕ್ಕುತ್ತಾರೆ, ಕೆಲವರು ಕುರುಕುತ್ತಾರೆ, ಹಲ್ಲಿಲ್ಲದವರು ಗುಟುಕು ಗುಟುಕಾಗಿ ಇಳಿಸುತ್ತಾರೆ. ಮೂರು ದಿನ ಉಪವಾಸವಿದ್ದು ಬಂದವನು ಗಬಗಬ ತಿನ್ನುತ್ತಾನೆ. ಅವನಿಗೆ ನಾನು ಕೇಳದೆಯೇ ಇನ್ನೊಂದು ರೊಟ್ಟಿ ಹಾಕುತ್ತೇನೆ. ಸಾಹುಕಾರರ ಬಾಯಿ ಇವುಗಳಲ್ಲಿ ಯಾವುದೂ ಅಲ್ಲ. ಅವರ ದವಡೆ ಆಡುವುದಿಲ್ಲ, ಗಂಟಲಿನ ಗಂಟು ಮಾತ್ರ ಒಂದು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಇದಕ್ಕೊಂದು ಪದ ಇತ್ತು. ನನ್ನ ಅತ್ತೆ ಸಂಗನಬಸವ್ವನ ಬಾಯಲ್ಲಿ ಕೇಳಿದ್ದೆ. ಅವಳ ತವರಿನ ಕಡೆಯ ಹಳೆಯ ಮಾತು. ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಾಗ ಅದು ತಾನಾಗಿಯೇ ನಾಲಿಗೆಗೆ ಬಂತು. ನೊಣೆ. ನೊಣೆಯುವುದು. ನೊಣೆದರು.

ಅದೇ ದಿನ ಹೋಗಿ ಬರೆದುಕೊಟ್ಟೆ: ಅಡಿವೆಪ್ಪ ಸಾಹುಕಾರರು ಸಕ್ಕರಿ ಬಾವಿ ನೊಣೆದರು. ಗುಂಡೋಪಂತರು ಊಟಕ್ಕೆ ಹೋಗಿದ್ದರು. ಅರ್ಜಿಯನ್ನು ಅವರ ಮೇಜಿನ ಮೇಲಿಟ್ಟು ಬಂದೆ.

ಹತ್ತೊಂಬತ್ತನೆಯ ದಿನ ಬಾಗಿಲಲ್ಲಿ ಆರೋಗ್ಯ ಇಲಾಖೆಯ ದಾವಲಸಾಬ ನಿಂತಿದ್ದ. ಹೆಗಲ ಮೇಲೆ ಪುಡಿ ಊದುವ ಡಬ್ಬಿ, ಕೈಯಲ್ಲಿ ಕಾಗದ.

"ಅಕ್ಕಾರ, ನೊಣ ಎಲ್ಲಿ ಅದಾವು?"

"ಯಾವ ನೊಣನೋ ತಮ್ಮಾ?"

"ನೀವೇ ಅರ್ಜಿ ಕೊಟ್ಟೀರಲ್ರಿ." ಅವನು ಓದಿದ. "ಸಕ್ಕರಿ ಬಾವಿ ನೊಣದ್ದು."

ಅರ್ಜಿಯ ಪ್ರತಿ ತೆಗೆದವರು ನನ್ನ ಅಕ್ಷರವನ್ನು ತಮಗೆ ತಿಳಿದಂತೆ ತಿದ್ದಿದ್ದರು. ಬಾವಿ ನೊಣದ್ದು ಎಂದ ಮೇಲೆ ಅದು ಆರೋಗ್ಯ ಇಲಾಖೆಗೆ ಸೇರಿದ ವಿಷಯ. ಆ ಇಲಾಖೆಯಲ್ಲಿ ಕಾಗದ ಹದಿನೈದು ದಿನ ಕೂತು, ಬಾವಿಯ ಒಡೆತನ ನೊಣಕ್ಕೆ ಹೇಗೆ ಬಂತು ಎಂದು ಕಂದಾಯ ಇಲಾಖೆಯನ್ನು ಕೇಳಿ, ಉತ್ತರ ಬಾರದೆ, ಕಡೆಗೆ ದಾವಲಸಾಬನ ಕೈಗೆ ಬಂದಿತ್ತು.

"ನೊಣ ಅಲ್ಲಪ್ಪಾ. ನೊಣೆದರು. ಸಾಹುಕಾರರು ಬಾವಿ ನೊಣೆದರು."

"ಅದೇನೋ ನನಗ ತಿಳಿಯಾಂಗಿಲ್ರಿ ಅಕ್ಕಾರ. ನೊಣ ಇದ್ರ ಪುಡಿ ಹೊಡೀಬೇಕು, ಇರದಿದ್ರ ಸುಳ್ಳು ಅರ್ಜಿ ಅಂತ ಬರೀಬೇಕು. ಯಾವುದು ಬರೀಲಿ ಹೇಳ್ರಿ."

ಒಳಗಿನಿಂದ ಬಾಳವ್ವ ಕೂಗಿದಳು, "ಬೆಲ್ಲದ ಡಬ್ಬಿ ತೆಗೀತೀನಿ ತಡಿಯಪ್ಪಾ. ಒಂದೆರಡು ಬಂದಾವು. ನಿನ್ನ ಕಾಗದಕ್ಕ ಸಾಲದೇನು?"

ದಾವಲಸಾಬ ನಕ್ಕುಬಿಟ್ಟ. ಬೆಲ್ಲದ ಮೇಲೆ ಕೂತ ಮೂರು ನೊಣಗಳನ್ನು ಎಣಿಸಿ, ಬರೆದುಕೊಂಡು, ನಿಯಮದಂತೆ ಒಂದು ಮೂಲೆಗೆ ಪುಡಿ ಊದಿದ. ಆ ದಿನದ ಹಿಟ್ಟನ್ನೆಲ್ಲ ಎಸೆಯಬೇಕಾಯಿತು. ಹೋಗುವಾಗ ಮೆಲ್ಲಗೆ ಹೇಳಿದ, "ಗುಂಡೋಪಂತರ ಕಡೆ ಒಂದು ಪದವಹಿ ಐತ್ರಿ, ಹಳೇದು. ಅದರಾಗ ನಿಮ್ಮ ಮಾತು ಇಲ್ಲದಿದ್ರ ಯಾವ ಟೇಬಲ್ಲಿನವರಿಗೂ ತಿಳಿಯಾಂಗಿಲ್ಲ."

ಪದವಹಿಯಲ್ಲಿ ಇರಲಿಲ್ಲ. ಗುಂಡೋಪಂತರು ನನ್ನೆದುರಿಗೇ ಹಾಳೆ ತಿರುವಿ ನೋಡಿದರು. ನೊಗ ಇತ್ತು, ನೊಣ ಇತ್ತು, ನೊರೆ ಇತ್ತು. ನೊಣ ಮತ್ತು ನೊರೆಯ ನಡುವೆ ಒಂದು ಸಾಲು ಖಾಲಿ ಇತ್ತು. ಯಾರೋ ಒಂದು ಕಾಲದಲ್ಲಿ ಅಲ್ಲಿದ್ದದ್ದನ್ನು ಉಗುರಿನಿಂದ ಕೆರೆದ ಹಾಗೆ ಕಾಗದ ತೆಳುವಾಗಿತ್ತು.

"ಇಲ್ಲೊಂದು ಇತ್ತು ಅಂತ ಕಾಣಸ್ತದ," ಎಂದರು. ಅವರ ಮುಖದಲ್ಲಿ ಮೊದಲ ಸಲ ಸಂಕಟ ಕಂಡೆ. "ಹೊಸದಾಗಿ ಸೇರಸಬಹುದು. ಆದ್ರ ಸಭಾದಾಗ ಎರಡು ಕೆಲಸ ಆಗಬೇಕು. ಒಂದು ಅರ್ಥ. ಎರಡನೇದು ಪ್ರಯೋಗ. ಆ ಪದ ಯಾರೋ ಒಬ್ಬರು ಯಾರೋ ಒಬ್ಬರಿಗೆ ಖರೇವಾಗ್ಲೂ ಅಂದಿರಬೇಕು. ಅನ್ನಿಸಿಕೊಂಡವರು ಸಭಾದಾಗ ಎದ್ದು ನಿಂತು ಹೌದು ಅನಬೇಕು. ಪ್ರಯೋಗ ಇಲ್ಲದ್ದು ಸತ್ತ ಪದ, ಅದನ್ನ ಬರಕೊಳ್ಳಾಕ ನನಗ ಅಧಿಕಾರ ಇಲ್ಲ. ಮೂವತ್ತೊಂಬತ್ತನೇ ದಿನ ಸಭಾ ಅದ. ಅದರ ಮರುದಿನ ಸಾಹುಕಾರರು ಜೀರ್ಣಪತ್ರಕ್ಕ ಬರ್ತಾರ. ಶುಲ್ಕ ಈಗಾಗಲೇ ಕಟ್ಟ್ಯಾರ."

ಅರ್ಥ ನನಗೆ ಗೊತ್ತಿತ್ತು. ಪ್ರಯೋಗವೂ ಗೊತ್ತಿತ್ತು. ಅತ್ತೆ ಆ ಪದವನ್ನು ನನ್ನ ಕಿವಿಗೆ ಬೀಳುವಂತೆ ಆಡಿದ್ದು ಒಂದೇ ಒಂದು ಸಲ. ಆಡಿದ್ದು ನನಗೇ.

ಇದನ್ನು ಹೇಳಿಬಿಡುತ್ತೇನೆ. ಹದಿನೇಳು ವರ್ಷದ ಹಿಂದೆ ಈ ಅಡಿಗೆಮನೆಯಲ್ಲಿ ಎರಡು ಒಲೆ ಇದ್ದವು. ಒಂದು ನನ್ನದು, ಒಂದು ಬಾಳವ್ವನದು. ಅತ್ತೆ ಇಬ್ಬರು ಸೊಸೆಯರಿಗೂ ಒಂದೊಂದು ಹಾಕಿಕೊಟ್ಟಿದ್ದಳು. ನಮ್ಮ ಊರಲ್ಲಿ ಖಾನಾವಳಿಯ ಪಾಲು ಎಂದರೆ ಒಲೆ. ಒಲೆ ಇದ್ದವರದು ಅರ್ಧ. ಮೈದುನ ಸತ್ತಾಗ ಬಾಳವ್ವ ಮೂರು ತಿಂಗಳು ತವರಿಗೆ ಹೋದಳು. ಅವಳ ಒಲೆ ತಣ್ಣಗೆ ಕೂತಿತ್ತು. ಒಂದು ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಅದರ ಮುಂದೆ ನಿಂತು ನೋಡುತ್ತಿದ್ದೆ. ಬೇಕು ಎಂದೇನೂ ಅನ್ನಿಸಿರಲಿಲ್ಲ. ಬಾಯಿ ತೆರೆಯಿತು. ಗಂಟಲಿನಲ್ಲಿ ಸ್ವಲ್ಪ ಬೂದಿ ಅಂಟಿತು, ಅಷ್ಟೆ. ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ನೀಲಗಂಗೀ, ನೆಗೆಣ್ಣಿ ಒಲಿ ನೊಣೆದಿಯಲ್ಲಬೇ," ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಆರು ತಿಂಗಳಿಗೆ ಹೋಗಿಬಿಟ್ಟಳು.

ಬಾಳವ್ವ ತಿರುಗಿ ಬಂದು, ಗಂಟು ಇಳಿಸಿ, ಅಡಿಗೆಮನೆಯಲ್ಲಿ ಖಾಲಿ ಜಾಗ ನೋಡಿದಳು. ನಾನು, "ಬಾರವಾ, ಕೈಕಾಲು ತೊಳಕೋ, ನನ್ನ ಒಲಿ ಮುಂದ ಕೂಡು," ಎಂದೆ. ಪ್ರೀತಿಯಿಂದಲೇ ಅಂದೆ. ಅವಳು ಬಂದು ಕೂತಳು. ನಾನು ಜೀರ್ಣಪತ್ರ ತೆಗೆದುಕೊಳ್ಳಲಿಲ್ಲ; ಅದಕ್ಕೆ ಅರ್ಜಿ ಹಾಕಿದರೆ ನುಂಗಿದ್ದನ್ನು ಒಪ್ಪಿಕೊಂಡ ಹಾಗಾಗುತ್ತದೆ. ನಮ್ಮಂಥ ಬಡವರು ಹೀಗೇ, ನುಂಗುವ ಧೈರ್ಯ ಇರುತ್ತದೆ, ಸಹಿ ಮಾಡಿಸಿಕೊಳ್ಳುವ ಧೈರ್ಯ ಇರುವುದಿಲ್ಲ. ಹಾಗಾಗಿ ಒಲೆ ಹದಿನೇಳು ವರ್ಷ ಬಲ ಪಕ್ಕೆಯ ಕೆಳಗೆ ಇಡಿಯಾಗಿ ಕೂತಿತ್ತು. ಬಗ್ಗಿ ಕಸ ಹೊಡೆಯುವಾಗ ಒತ್ತುತ್ತಿತ್ತು. ಕೇಳಿದವರಿಗೆ ಪಿತ್ತ ಎನ್ನುತ್ತಿದ್ದೆ.

ಸಭೆಯ ಹಿಂದಿನ ದಿನ ಬಾಳವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಬಂಡಿಯವನ ನೀರಿನಲ್ಲಿ ದಿನಕ್ಕೆ ಹತ್ತು ಕೊಡವನ್ನಾದರೂ ಎಲ್ಲಿ ಉಳಿಸಲಿ ಎಂದು ಲೆಕ್ಕ ಹಾಕುತ್ತಿದ್ದೆ. ಗಿರಾಕಿಗಳಿಗೆ ಕೈ ತೊಳೆಯಲು ಅರ್ಧ ತಂಬಿಗೆ ಕೊಡುವ ಹಂತಕ್ಕೆ ಬಂದಿದ್ದೆವು.

"ಪ್ರಯೋಗ ಸಿಕ್ತೇನಕ್ಕಾ?" ಎಂದಳು, ತಲೆಯೆತ್ತದೆ.

"ಇಲ್ಲವಾ. ಒಂದು ನಾಯಿದು ಹೇಳಬೇಕಂತ ಮಾಡೀನಿ."

"ಹೂಂ." ರೊಟ್ಟಿಯನ್ನು ಹೆಂಚಿಗೆ ಹಾಕಿದಳು, ನೀರು ಸವರಿದಳು. "ಅತ್ತಿ ಬಾಗಲದಾಗ ನಿಂತು ಅಂದಿದ್ದು ಐತಲ್ಲ."

ನನ್ನ ಲೆಕ್ಕ ನಿಂತುಹೋಯಿತು. "ನಿನಗ್ಯಾರು ಹೇಳಿದ್ರು?"

"ಅತ್ತೀನ ಹೇಳಿದ್ಲು. ಸಾಯೂಮುಂದ."

"ಮತ್ತ ಹದಿನೇಳು ವರ್ಷ ಸುಮ್ನ ಇದ್ದೀ?"

"ಕೇಳಿದ್ರ ಏನ್ ಅಂತಿದ್ದಿ? ಪಿತ್ತ ಅಂತಿದ್ದಿ." ರೊಟ್ಟಿ ತಿರುವಿ ಹಾಕಿದಳು. "ಅರ್ಜಿ ಹಾಕೋಣ ಅಂದ್ರ ಮಾತು ಗೊತ್ತಿತ್ತು, ಬರಿಯಾಕ ಅಕ್ಷರ ಬರ್ತಿರಲಿಲ್ಲ. ಬರಸಾಕ ನಿನ್ನ ಹಂತೇಕನ ಬರಬೇಕಿತ್ತು. ಈಗ ಬಾವಿ ನಿಂದು, ಬಾಯಿ ನಿಂದು. ನಾ ಏನೂ ಅನ್ನಾಂಗಿಲ್ಲ."

ಆ ದಿನ ನನಗೆ ಊಟ ಸೇರಲಿಲ್ಲ. ಬಾವಿ ಬಾರದಿದ್ದರೆ ಖಾನಾವಳಿ ಪೂರ್ತಿ ಹೋಗುತ್ತದೆ. ಪ್ರಯೋಗ ಹೇಳಿದರೆ ಅರ್ಧ ಹೋಗುತ್ತದೆ, ಜೊತೆಗೆ ಊರೆದುರು ನನ್ನ ಹೆಸರು ಸಾಹುಕಾರರ ಹೆಸರಿನ ಪಕ್ಕದಲ್ಲಿ ಕೂರುತ್ತದೆ. ಲೆಕ್ಕದ ಪ್ರಕಾರ ಯಾವುದು ಲಾಭ ಎಂಬುದು ಸ್ಪಷ್ಟವಿತ್ತು. ಆದರೂ ನಾಯಿಯ ಮೇಲೆಯೇ ನನಗೆ ಆಸೆ ಉಳಿದಿತ್ತು.

ಸಭೆಗೆ ಊರೆಲ್ಲ ಬಂದಿತ್ತು. ಬೆಂಚುಗಳನ್ನು ಎಣಿಸಿದ ಮೇಲೆ ಬಾಗಿಲು ತೆರೆದರು. ಸಾಹುಕಾರರು ಮುಂದಿನ ಸಾಲಿನಲ್ಲಿ ಇಬ್ಬರ ಜಾಗದಲ್ಲಿ ಕೂತಿದ್ದರು. ಉಸಿರು ಬಿಟ್ಟಾಗಲೆಲ್ಲ ಒಳಗೆ ರಾಟೆ ಕಿರ್ರೆನ್ನುತ್ತಿತ್ತು. ಮರ್ಯಾದಸ್ಥರ ಊರು ನಮ್ಮದು, ಯಾರೂ ಆ ಸದ್ದು ಕೇಳಿಸಿಕೊಳ್ಳಲಿಲ್ಲ.

"ಮೊದಲು ಅರ್ಥ," ಎಂದರು ಗುಂಡೋಪಂತರು. "ನೊಣೆಯೂದಂದ್ರೇನು ನೀಲಗಂಗವ್ವ?"

ಎದ್ದು ನಿಂತೆ. "ಹೊಟ್ಟಿ ಹಸಿದಿರಬಾರದು. ಹಲ್ಲು ತಾಗಿರಬಾರದು. ನಾಲಿಗಿಗೆ ರುಚಿ ತಿಳಿದಿರಬಾರದು. ಪದಾರ್ಥ ತನ್ನ ಪಾಲಿಂದಾಗಿರಬಾರದು. ಈ ನಾಕೂ ಕೂಡಿದ್ರ ನೊಣೆಯೂದರಿ. ಒಂದು ಕಡಿಮಿ ಆದ್ರೂ ಅದು ಊಟ."

"ಹಂಗಾದ್ರ ನಾ ಊಟ ಮಾಡೇನಿ," ಎಂದರು ಸಾಹುಕಾರರು ನಗುತ್ತ. "ರುಚಿ ನೋಡೇ ಕುಡಿದೇನವಾ ನಾನು."

"ಹೆಂಗಿತ್ರಿ ಸಾಹುಕಾರ್ರ ನಮ್ಮ ನೀರು?"

"ಹೆಂಗಿರ್ತದ? ಹೆಸರೇ ಸಕ್ಕರಿ ಬಾವಿ. ಸಕ್ಕರಿ ಹಂಗ ಇತ್ತು."

ಮೊದಲು ದಾವಲಸಾಬ ನಕ್ಕ. ಆಮೇಲೆ ಹಿಂದಿನ ಸಾಲು, ಆಮೇಲೆ ಸಭೆಯೆಲ್ಲ. ಆ ಬಾವಿ ತೋಡಿಸಿದವಳು ಸಕ್ಕರೆವ್ವ ಎಂಬ ಮುದುಕಿ, ಅದಕ್ಕೇ ಆ ಹೆಸರು. ಮೇಲೆ ಬೇವಿನಮರ ಇರುವುದರಿಂದ ಎಲೆ ಉದುರಿ ನೀರು ಯಾವಾಗಲೂ ಒಂದಿಷ್ಟು ಕಹಿ. ಹೊಸಬರು ಮೊದಲ ಗುಟುಕಿಗೆ ಮುಖ ಕಿವಿಚುತ್ತಾರೆ. ಊರಿನ ಕೂಸುಗಳಿಗೂ ಇದು ಗೊತ್ತು. ಇಪ್ಪತ್ತು ವರ್ಷ ಪ್ರತಿ ಸೋಮವಾರ ಅದೇ ನೀರು ಕುಡಿದ ಸಾಹುಕಾರರಿಗೆ ಗೊತ್ತಿರಲಿಲ್ಲ.

ಗುಂಡೋಪಂತರು ಕನ್ನಡಕವನ್ನು ಹಣೆಯಿಂದ ಇಳಿಸಿ ಮೂಗಿನ ಮೇಲೆ ಹಾಕಿಕೊಂಡರು. "ಅರ್ಥ ಸಿದ್ಧ ಆತು. ಇನ್ನ ಪ್ರಯೋಗ."

"ಒಂದು ನಾಯಿರಿ," ಎಂದೆ. "ನಮ್ಮ ಹಿತ್ತಲಕ್ಕ ಬಂದು ರೊಟ್ಟಿ ಬುಟ್ಟಿ ಪೂರಾ..."

"ಆ ನಾಯಿಗೆ ಹಸಿವಿತ್ತೇನವಾ?" ಸಾಹುಕಾರರು ನಡುವೆ ಕೇಳಿದರು. ನಗೆ ನಿಂತ ಮೇಲೆ ಅವರ ದನಿ ಹರಿತವಾಗಿತ್ತು.

"ಇತ್ರಿ. ನಾಯಿಗೆ ಯಾವಾಗ ಹಸಿವಿರಾಂಗಿಲ್ಲ?"

"ಹಂಗಾದ್ರ ಅದು ಊಟ ಮಾಡ್ಯದ. ನೀನೇ ಈಗ ಹೇಳಿದೆಲ್ಲ. ಮ್ಯಾಲ, ನಾಯಿ ಎದ್ದು ನಿಂತು ಹೌದು ಅಂತದೇನು?" ಈಗ ಸಭೆ ಅವರ ಪರವಾಗಿ ನಕ್ಕಿತು. ನಮ್ಮ ಊರಿನ ನಗೆಗೆ ಪಕ್ಷವಿಲ್ಲ. "ಬರೀರಿ ಪಂತರ, ಪ್ರಯೋಗ ಇಲ್ಲ ಅಂತ ಬರೀರಿ."

ಗುಂಡೋಪಂತರು ನನ್ನ ಕಡೆ ನೋಡಿದರು. ಅವರ ಲೇಖನಿ ಮಸಿ ಮುಟ್ಟಿತ್ತು. ಬಾಳವ್ವ ಗೋಡೆಗೆ ಒರಗಿ ಕೂತು ಸೆರಗಿಗೆ ಅಂಟಿದ್ದ ಒಣಹಿಟ್ಟನ್ನು ಉಗುರಿನಿಂದ ಬಿಡಿಸುತ್ತಿದ್ದಳು.

"ಐತ್ರಿ," ಎಂದೆ. "ಪ್ರಯೋಗ ಐತಿ. ಅಂದವಳು ನಮ್ಮತ್ತಿ ಸಂಗನಬಸವ್ವ. ಅನ್ನಿಸಿಕೊಂಡಾಕಿ ನಾನು. ನೀಲಗಂಗೀ, ನೆಗೆಣ್ಣಿ ಒಲಿ ನೊಣೆದಿಯಲ್ಲಬೇ ಅಂದ್ಲು. ಹಸಿವಿರಲಿಲ್ಲರಿ. ಹಲ್ಲು ತಾಗಲಿಲ್ಲ. ರುಚಿ ಗೊತ್ತಾಗಲಿಲ್ಲ. ನನ್ನ ಪಾಲಿಂದಲ್ಲ. ಹೌದು."

ಸಭೆಯಲ್ಲಿ ಯಾರೂ ನಗಲಿಲ್ಲ. ಗುಂಡೋಪಂತರು ಖಾಲಿ ಸಾಲಿನಲ್ಲಿ ಬರೆದು, ಗಟ್ಟಿಯಾಗಿ ಓದಿದರು: "ನೊಣೆ. ಪ್ರಯೋಗ: ನೀಲಗಂಗವ್ವ ನೆಗೆಣ್ಣಿಯ ಒಲೆ ನೊಣೆದಳು."

ಪಕ್ಕೆಯ ಕೆಳಗೆ ಏನೋ ಎದ್ದು ನಿಂತಿತು. ಒಂದು ತೇಗು ಬಂತು, ತುಟಿಗೆ ಬೂದಿ ಬಂತು, ಕಣ್ಣಲ್ಲಿ ಹೊಗೆಯ ಉರಿ. ಗೋಡೆ ಹಿಡಿದುಕೊಂಡೆ. ಅದೇ ಹೊತ್ತಿಗೆ ಖಾನಾವಳಿಯಲ್ಲಿ ನಮ್ಮ ದಾರಿ ಕಾಯುತ್ತಿದ್ದ ಪರವೂರಿನ ಗಿರಾಕಿಗಳು, ಅಡಿಗೆಮನೆಯಲ್ಲಿ ಇದ್ದಕ್ಕಿದ್ದಂತೆ ಇನ್ನೊಂದು ಒಲೆ ಕೂತಿತು, ಅದರಲ್ಲಿ ಅರ್ಧ ಸುಟ್ಟ ಜಾಲಿಯ ಕಟ್ಟಿಗೆಯೂ ಇತ್ತು ಎಂದು ಆಮೇಲೆ ಹೇಳಿದರು.

ಗುಂಡೋಪಂತರು ನಿಲ್ಲಿಸಲಿಲ್ಲ. ನನ್ನ ಅರ್ಜಿ ತೆಗೆದು ಓದಿದರು: "ಅಡಿವೆಪ್ಪ ಸಾಹುಕಾರರು ಸಕ್ಕರಿ ಬಾವಿ ನೊಣೆದರು."

ಸಾಹುಕಾರರು ಬಾಯಿಗೆ ಕೈ ಅಡ್ಡ ಹಿಡಿದರು. ಬಿಕ್ಕಳಿಕೆ ಆ ಕೈಯನ್ನು ತಳ್ಳಿತು. ಮೊದಲು ಹಗ್ಗ ಬಂತು, ಮಾರುಗಟ್ಟಲೆ ಬಂತು, ದಾವಲಸಾಬ ನಿಂತು ಅದನ್ನು ತೋಳಿಗೆ ಸುತ್ತಿಕೊಂಡ. ಆಮೇಲೆ ರಾಟೆ, ಕಟ್ಟೆಯ ಕಲ್ಲು, ಎರಡು ಕಪ್ಪೆ, ಯಾವ ಯಾವ ಕಾಲದಲ್ಲೋ ಬಾವಿಗೆ ಬಿದ್ದಿದ್ದ ಕೊಡಗಳು. ಬಾಯಿಂದ ಹೊರಬಿದ್ದದ್ದು ನೆಲ ಮುಟ್ಟುವ ಮೊದಲೇ ತನ್ನ ಜಾಗಕ್ಕೆ ಹೋಗುತ್ತಿತ್ತು. ಬಾವಿ ಮುಗಿದ ಮೇಲೂ ಅವರ ಬಿಕ್ಕಳಿಕೆ ನಿಲ್ಲಲಿಲ್ಲ. ಇನ್ನೂ ಪತ್ರ ತೆಗೆಯದ ದೀಪದ ಕಂಬವೊಂದು ಬಂತು, ಶಾಲೆಯ ಬೆಂಚು ಬಂತು, ಪುರಸಭೆಯದೇ ಒಂದು ಕಿಟಕಿ ಬಂತು. ಅಲ್ಲಿ ಕಿಟಕಿ ಇತ್ತೆಂಬುದನ್ನು ಸಭೆಯವರೆಲ್ಲ ಮರೆತಿದ್ದರು. ತಟ್ಟನೆ ಮೈಮೇಲೆ ಬಿಸಿಲು ಬಿದ್ದಾಗ ಕಣ್ಣು ಕಿರಿದು ಮಾಡಿಕೊಂಡರು.

ಕಡೆಗೆ ಸಾಹುಕಾರರು ಜೋತುಬಿದ್ದ ಅಂಗಿಯೊಳಗೆ ಸಣ್ಣಗೆ ಕೂತಿದ್ದರು. ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು.

"ಹೊಟ್ಯಾಗ ಏನೋ ಸುಡಾಕತ್ತೈತಿ," ಎಂದರು ಹೆದರಿ. "ಏನಿದು?"

"ಹಸಿವ್ರಿ," ಎಂದೆ.

ಆ ವಾರವೇ ಪುರಸಭೆ ಒಂದು ಠರಾವು ಮಾಡಿತು. ನೊಣೆ ಎಂಬ ಪದವನ್ನು ಬಳಸಲು ಇನ್ನು ಮೇಲೆ ಮುಂಚಿತವಾಗಿ ಲಿಖಿತ ಅನುಮತಿ ಬೇಕು. ಅನುಮತಿ ಬರಲು ನಲವತ್ತೊಂದು ದಿನ. ಠರಾವಿಗೆ ಕೈ ಎತ್ತಿದವರೆಲ್ಲ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದರು. ಗುಂಡೋಪಂತರು ಅದನ್ನು ಬರೆದುಕೊಂಡರು, ಆದರೆ ಪದವಹಿಯ ಆ ಸಾಲನ್ನು ಕೆರೆಯಲು ಒಪ್ಪಲಿಲ್ಲ. ಕಾಗದ ತೆಳ್ಳಗಾಗಿದೆ, ಇನ್ನೊಮ್ಮೆ ಕೆರೆದರೆ ಹರಿಯುತ್ತದೆ ಎಂದರಂತೆ.

ಬಾಳವ್ವ ಮರುದಿನ ತನ್ನ ಒಲೆಗೆ ಸಗಣಿ ಸಾರಿಸಿ, ರಂಗೋಲಿ ಎಳೆದು, ಬೆಂಕಿ ಹಾಕಿದಳು. ನಡುವೆ ಒಂದು ಚಾಪೆಯ ತಡಿಕೆ ನಿಲ್ಲಿಸಿದಳು. ನನ್ನನ್ನು ಬೈಯಲಿಲ್ಲ. "ಅಕ್ಕಾ, ಹದಿನೇಳು ವರ್ಷದ ಪಾಲು?" ಎಂದು ಒಂದು ಸಲ ಕೇಳಿದಳು. "ಕೊಡಾಕ ನನ್ನ ಹಂತೇಕ ಇಲ್ಲವಾ," ಎಂದೆ. "ಗೊತ್ತೈತಿ. ಕೇಳಿ ಇಟ್ಟಿರಬೇಕಂತ ಕೇಳಿದೆ," ಎಂದಳು. ಬಾವಿಯ ನೀರು ಇಬ್ಬರೂ ಸೇದುತ್ತೇವೆ. ಹಗ್ಗದ ಖರ್ಚು ಅರ್ಧ ಅರ್ಧ.

ಅವಳ ರೊಟ್ಟಿ ನನ್ನ ರೊಟ್ಟಿಗಿಂತ ಚೆನ್ನ. ಹದಿನೇಳು ವರ್ಷ ಜನ ನನ್ನ ಖಾನಾವಳಿಗೆ ಬಂದದ್ದು ಅವಳ ಕೈಗೆ ಎಂಬುದು ಮೊದಲ ವಾರದಲ್ಲೇ ತಿಳಿಯಿತು. ಅರವತ್ತರಲ್ಲಿ ನಲವತ್ತೊಂಬತ್ತು ಜನ ತಡಿಕೆಯ ಆ ಕಡೆ ಹೋದರು. ಸೋಮವಾರ ಸಾಹುಕಾರರೂ ಆ ಕಡೆಯೇ ಕೂತು, ಎರಡು ರೊಟ್ಟಿಯನ್ನು ಗಂಟೆಹೊತ್ತು ಜಗಿದು, ನೀರಿನ ಮೊದಲ ಗುಟುಕಿಗೆ ಮುಖ ಕಿವಿಚಿದರು.

ನನಗೆ ಬಂದದ್ದು ಬಾವಿ. ಹೋದದ್ದು ನಲವತ್ತೊಂಬತ್ತು ಗಿರಾಕಿಗಳು ಮತ್ತು ರೊಟ್ಟಿ ಬಡಿಯುವ ಒಂದು ಜೋಡಿ ಕೈ. ಒಲೆಯನ್ನು ಹೋದದ್ದರಲ್ಲಿ ಸೇರಿಸುವ ಹಾಗಿಲ್ಲ; ಅದು ನನ್ನದಾಗಿರಲಿಲ್ಲ.